‘ಅನ್‌ಈಸಿಲಿ’: ನಗೋದಕ್ಕೆ ಏನು ತ್ರಾಸು?

ಪ್ರಶ್ನೆ: ನಾನು ಸೇಡಂ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಒಂಬತ್ತನೇ ತರಗತಿಗೆ ಅಭ್ಯಾಸಕ್ಕೆಂದು ನಾನೇ ಬರೆದುಕೊಟ್ಟ ಸಣ್ಣ ಕಥೆಯಲ್ಲಿ ‘ದಿ ಬಾಯ್ ಸ್ಮೈಲ್ಡ್ ಅನ್‌ಈಸಿಲಿ ಅಂಡ್ ಲುಕ್ಡ್ ಅಟ್ ದಿ ಡೋರ್’ ಎಂಬ ವಾಕ್ಯ ಇತ್ತು. ‘ಹುಡುಗ ಕಷ್ಟಪಟ್ಟು ನಕ್ಕು ಬಾಗಿಲ ಕಡೆ ನೋಡಿದ’ ಎಂದು ಅರ್ಥ ಹೇಳಿದೆ. ಒಬ್ಬಳು ಎದ್ದು ನಿಂತು, “ನಗ್ಲಾಕ ಏನ್ ತ್ರಾಸ ಅದರಿ ಟೀಚರ್?” ಎಂದಳು. ಉತ್ತರ ಹೊಳೆಯಲಿಲ್ಲ. ನಿಘಂಟಿನಲ್ಲಿ ‘ನೆಮ್ಮದಿಯಿಲ್ಲದೆ, ಕಳವಳದಿಂದ, ಅಶಾಂತವಾಗಿ’ ಎಂದಿದೆ. ‘ಈಸಿಲಿ’ ಎಂದರೆ ಸುಲಭವಾಗಿ ಆದರೆ, ‘ಅನ್‌ಈಸಿಲಿ’ ಯಾಕೆ ‘ಸುಲಭವಲ್ಲದ ಹಾಗೆ’ ಆಗುವುದಿಲ್ಲ? ‘ನರ್ವಸ್ಲಿ’, ‘ಆಂಕ್ಷಸ್ಲಿ’ಗಳಿಗೂ ಇದಕ್ಕೂ ಏನು ವ್ಯತ್ಯಾಸ? ಮಕ್ಕಳಿಗೆ ಹೇಗೆ ತಿಳಿಸಲಿ?

ಉತ್ತರ: ಮೇಡಂ, ಮೊದಲು ಆ ಹುಡುಗಿಗೆ ನನ್ನ ಶಾಭಾಸ್ ತಿಳಿಸಿ. ಶಬ್ದದ ಅರ್ಥ ವಾಕ್ಯದಲ್ಲಿ ಕೂಡುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಿ ನೋಡುವುದು ಭಾಷೆ ಕಲಿಯುವವರ ದೊಡ್ಡ ಗುಣ. ನಗುವುದಕ್ಕೆ ತ್ರಾಸು ಏನೂ ಇಲ್ಲ. ನಿಮ್ಮ ಕಥೆಯ ಹುಡುಗನ ತುಟಿ ನಕ್ಕಿದೆ, ಜೀವ ನಕ್ಕಿಲ್ಲ. ಒಳಗೆ ಏನೋ ಒಂದು ಕಸಿವಿಸಿ ಇಟ್ಟುಕೊಂಡು ಹೊರಗೆ ಮಾಡಿದ ಕೆಲಸಕ್ಕೆ ಇಂಗ್ಲಿಷಿನಲ್ಲಿ ‘ಅನ್‌ಈಸಿಲಿ’ ಎನ್ನುತ್ತಾರೆ. ಇಂದಿನ ಇಂಗ್ಲಿಷಿನಲ್ಲಿ ಅದಕ್ಕೆ ‘ಕಷ್ಟಪಟ್ಟು’ ಎಂಬ ಅರ್ಥ ಇಲ್ಲ.

ಯಾಕೆ ಇಲ್ಲ ಎಂಬುದು ನಮ್ಮ ಕಲಬುರಗಿ ಸೀಮೆಯವರಿಗೆ ತಿಳಿಯುವಷ್ಟು ಸಲೀಸಾಗಿ ಬೇರೆಯವರಿಗೆ ತಿಳಿಯಲಿಕ್ಕಿಲ್ಲ. ನಮ್ಮ ಹತ್ತಿರ ‘ಆರಾಮ’ ಎಂಬ ಶಬ್ದ ಇದೆ. ಬೆಳಗಾದರೆ ಎದುರು ಬಂದವರಿಗೆ “ಆರಾಮ ಇದ್ದೀರೇನ್ರಿ?” ಎನ್ನುತ್ತೇವೆ. ಈ ಶಬ್ದವನ್ನು ಕೈಯಲ್ಲಿ ಹಿಡಿದುಕೊಂಡು ‘ಈಸ್’ ಎಂಬ ಇಂಗ್ಲಿಷ್ ಶಬ್ದದ ಪಕ್ಕದಲ್ಲಿ ಇಟ್ಟು ನೋಡಿ.

“ಅಂವ ಆರಾಮಾಗಿ ಪಾಸಾದ” ಅಂದರೆ ಸುಲಭವಾಗಿ ಪಾಸಾದ. “ಅಂವ ಕಟ್ಟೀ ಮ್ಯಾಲ ಆರಾಮಾಗಿ ಕೂತಾನ” ಅಂದರೆ ಹಾಯಾಗಿ, ಯಾವ ತಾಪತ್ರಯವೂ ಇಲ್ಲದೆ ಕೂತಿದ್ದಾನೆ. ಒಂದೇ ಶಬ್ದದಲ್ಲಿ ಸುಲಭವೂ ಇದೆ, ನೆಮ್ಮದಿಯೂ ಇದೆ. ಈಗ ಇದಕ್ಕೆ ‘ಇಲ್ಲ’ ಹಚ್ಚಿ. “ಆರಾಮಿಲ್ಲದೆ ಕೂತಾನ” ಎಂದರೆ ಅರ್ಥವಾಗುತ್ತದೆ. “ಆರಾಮಿಲ್ಲದೆ ಪಾಸಾದ” ಎಂದರೆ? ಕೇಳಿದವರು, ಪಾಪ, ಪರೀಕ್ಷೆಯ ಹೊತ್ತಿಗೆ ಜ್ವರ ಬಂದಿತ್ತೇನೋ ಎಂದುಕೊಳ್ಳುತ್ತಾರೆ. ಕಷ್ಟಪಟ್ಟು ಪಾಸಾದ ಎಂದು ಯಾರೂ ತಿಳಿಯುವುದಿಲ್ಲ. ‘ಇಲ್ಲ’ ಸೇರಿದ ಕೂಡಲೇ ಶಬ್ದದ ಸುಲಭದ ಅರ್ಥ ಉದುರಿಹೋಗಿ ನೆಮ್ಮದಿಯ ಅರ್ಥ ಒಂದೇ ಉಳಿಯಿತು. ‘ಅನ್’ ಸೇರಿದಾಗ ‘ಈಸಿಲಿ’ಗೆ ಆದದ್ದೂ ಇದೇ.

ಈ ಎರಡು ಶಬ್ದಗಳ ಹುಟ್ಟಿನಲ್ಲೂ ಒಂದು ಹೋಲಿಕೆ ಇದೆ. ‘ಈಸ್’ ಅಚ್ಚ ಇಂಗ್ಲಿಷ್ ಶಬ್ದವಲ್ಲ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲಿನ ಶತಮಾನಗಳಲ್ಲಿ ಅಲ್ಲಿಗೆ ಹರಿದುಬಂದ ಫ್ರೆಂಚ್ ಶಬ್ದಗಳಲ್ಲಿ ಅದೂ ಒಂದು. ಬಿಡುವು, ಹಾಯಿ, ಸುಖ ಎಂಬುವು ಅದರ ಹಳೆಯ ಅರ್ಥಗಳು. ‘ಆರಾಮ’ ಫಾರಸಿ ಶಬ್ದ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿ ಕಲಬುರಗಿ ರಾಜಧಾನಿಯಾದಾಗ ಆಸ್ಥಾನದ ಭಾಷೆ ಫಾರಸಿಯೇ ಆಗಿತ್ತು. ಆಳುವವರ ಭಾಷೆಯ ಶಬ್ದಗಳು ಅಲ್ಲಿ ಇಂಗ್ಲಿಷಿನವರ ಅಡುಗೆಮನೆಗೂ ಇಲ್ಲಿ ನಮ್ಮ ಅಡುಗೆಮನೆಗೂ ಬಂದು ಮನೆಯವೇ ಆಗಿಬಿಟ್ಟವು. ‘ಅನ್’ ಮತ್ತು ‘ಲಿ’ ಮಾತ್ರ ಇಂಗ್ಲಿಷಿನ ಹಳೆಯ ಸ್ವಂತ ಆಸ್ತಿ. ಹಾಗಾಗಿ ‘ಅನ್‌ಈಸಿಲಿ’ ಎಂದರೆ ನಡುವೆ ಫ್ರೆಂಚ್, ಹಿಂದೆ ಮುಂದೆ ಇಂಗ್ಲಿಷ್.

ಇನ್ನೂ ಒಂದು ಮಾತು, ಇದನ್ನು ಮಕ್ಕಳಿಗೆ ತಪ್ಪದೇ ಹೇಳಿ. ನಮ್ಮಲ್ಲಿ “ಆರಾಮಿಲ್ಲರಿ” ಎಂದರೆ ಮೈಗೆ ಹುಷಾರಿಲ್ಲ ಎಂದೇ ಮೊದಲ ಅರ್ಥ. ಇಂಗ್ಲಿಷಿನಲ್ಲಿ ರೋಗಕ್ಕೆ ‘ಡಿಸೀಸ್’ ಎನ್ನುತ್ತಾರಲ್ಲ, ಅದನ್ನು ಒಡೆದು ನೋಡಿದರೆ ‘ಡಿಸ್’ ಮತ್ತು ‘ಈಸ್’, ಅಂದರೆ ಆರಾಮಿಲ್ಲದಿರುವುದು. ಮೊದಲು ಬರೀ ‘ನೆಮ್ಮದಿ ಇಲ್ಲ’ ಎಂಬ ಅರ್ಥದಲ್ಲಿದ್ದ ಶಬ್ದ ಆಮೇಲೆ ರೋಗದ ಹೆಸರಾಯಿತು. ಸೇಡಂ ಸಂತೆಯಲ್ಲಿ “ಯಾಕಪ್ಪ ಮಾರಿ ಸಪ್ಪಗ ಮಾಡ್ಕೊಂಡಿ?” ಎಂದರೆ “ಆರಾಮಿಲ್ಲ” ಎನ್ನುವ ರೈತನೂ ಹಳೆಯ ಇಂಗ್ಲಿಷರೂ ಒಂದೇ ದಾರಿಯಲ್ಲಿ ಯೋಚನೆ ಮಾಡಿದ್ದಾರೆ. ಇಂಗ್ಲಿಷಿನವರು ಮುಂದೆ ಎರಡನ್ನೂ ಪಾಲು ಮಾಡಿಕೊಂಡರು. ಮೈಯ ಆರಾಮು ತಪ್ಪಿದರೆ ‘ಡಿಸೀಸ್’, ಮನಸ್ಸಿನ ಆರಾಮು ತಪ್ಪಿದರೆ ‘ಅನ್‌ಈಸ್’. ಉರ್ದುವಿನ ‘ಬೇಚೈನ್’ ಕೂಡ ಇದೇ ಅಚ್ಚಿನದು. ‘ಚೈನ್’ ಎಂದರೆ ನೆಮ್ಮದಿ, ‘ಬೇ’ ಎಂದರೆ ಇಲ್ಲದ್ದು. ನಿಮ್ಮ ತರಗತಿಯಲ್ಲಿ ಮನೆಯಲ್ಲಿ ದಖನಿ ಮಾತಾಡುವ ಮಕ್ಕಳಿದ್ದರೆ ಅವರಿಗೆ ‘ಬೇಚೈನಿಯಿಂದ ನಕ್ಕ’ ಎಂದು ಒಂದೇ ಮಾತು ಹೇಳಿ ನೋಡಿ, ಮತ್ತೆ ಬಿಡಿಸಿ ಹೇಳಬೇಕಾಗಿಲ್ಲ.

ನೀವು ಹೇಳಿದ ಅರ್ಥ ಗಾಳಿಯಿಂದ ಬಂದದ್ದೇನೂ ಅಲ್ಲ ಎಂಬುದನ್ನೂ ಹೇಳಬೇಕು. ಶತಮಾನಗಳ ಹಿಂದಿನ ಇಂಗ್ಲಿಷಿನಲ್ಲಿ ‘ಅನ್‌ಈಸಿಲಿ’ಗೆ ‘ಕಷ್ಟದಿಂದ’ ಎಂಬ ಅರ್ಥ ಇತ್ತು. ಕಾಲ ಕಳೆದಂತೆ ಅದು ಬಳಕೆ ತಪ್ಪಿತು. ಇಂದು “ಐ ಅನ್‌ಈಸಿಲಿ ಗಾಟ್ ಎ ಸೀಟ್ ಇನ್ ದಿ ಬಸ್” ಎಂದು ಬರೆದರೆ, ಸೀಟೇನೋ ಸಿಕ್ಕಿತು, ಆದರೆ ಕೂತವರ ಮನಸ್ಸಿಗೆ ಏನೋ ಅಳುಕು ಎಂದಾಗುತ್ತದೆ. ಕಷ್ಟಪಟ್ಟು ಎನ್ನಬೇಕಿದ್ದರೆ ‘ವಿತ್ ಡಿಫಿಕಲ್ಟಿ’ ಎನ್ನಬೇಕು, ಇಲ್ಲವೇ ‘ನಾಟ್ ಈಸಿಲಿ’ ಎಂದು ಬಿಡಿಸಿ ಬರೆಯಬೇಕು. ‘ಹಾರ್ಡ್ಲಿ’ ಮಾತ್ರ ಬೇಡ, ಅದು ‘ಬಹುತೇಕ ಇಲ್ಲವೇ ಇಲ್ಲ’ ಎಂಬ ಅರ್ಥದ ಇನ್ನೊಂದು ಬಲೆ. ‘ಲೇಟ್’ ಮತ್ತು ‘ಲೇಟ್ಲಿ’, ‘ನಿಯರ್’ ಮತ್ತು ‘ನಿಯರ್ಲಿ’, ಇವೂ ಹೀಗೆಯೇ ದಿಕ್ಕು ತಪ್ಪಿಸುತ್ತವೆ. ಅವುಗಳ ಪಾಠ ಬೇರೆ ದಿನಕ್ಕೆ ಇರಲಿ.

ಅರ್ಥ ಹೇಳಿದೆ. ಆದರೆ ಈ ಶಬ್ದ ಕಣ್ಣಿಗೆ ಕಾಣದೆ ಒಳಗೆ ಇಳಿಯುವುದಿಲ್ಲ. ನನಗೆ ಅದು ಇಳಿದದ್ದು ನಮ್ಮ ಅಪ್ಪನಿಂದ. ನಾನು ಕಲಬುರಗಿಯಲ್ಲಿ ಕಾಲೇಜು ಸೇರಿ ಪಾಠ ಮಾಡಲು ತೊಡಗಿದ ಮೊದಲ ವರ್ಷ, ತೊಗರಿ ಮಾರಲಿಕ್ಕೆ ಊರಿಂದ ಬಂದ ಅಪ್ಪ ನನ್ನನ್ನು ನೋಡಲು ಕಾಲೇಜಿಗೇ ಬಂದ. ಪ್ರಾಂಶುಪಾಲರು ದೊಡ್ಡ ಮನುಷ್ಯರು, ತಮ್ಮ ಕೋಣೆಗೆ ಕರೆದು ಸೋಫಾದ ಮೇಲೆ ಕೂಡಿಸಿದರು. ಚಪ್ಪಲಿ ಬಾಗಿಲ ಹೊರಗೇ ಬಿಟ್ಟಿದ್ದ. ಸೋಫಾದ ತುದಿಗೆ, ಇನ್ನೊಬ್ಬರಿಗೆ ಜಾಗ ಬಿಟ್ಟುಕೊಟ್ಟವರ ಹಾಗೆ ಕೂತ. ಇನ್ನೊಬ್ಬರು ಯಾರೂ ಇರಲಿಲ್ಲ. ಹೆಗಲ ಮೇಲಿನ ಟಾವೆಲ್ ತೆಗೆದು ತೊಡೆಯ ಮೇಲೆ ಮಡಿಚಿಟ್ಟ, ಬಿಚ್ಚಿದ, ಮತ್ತೆ ಮಡಿಚಿದ. “ಸರಿದು ಕೂಡ್ರಿ ಯಜಮಾನ್ರ” ಎಂದರೆ “ಇರ್ಲಿ ಬಿಡ್ರಿ” ಎಂದು ಇನ್ನೂ ಮುಂದಕ್ಕೆ ಜರುಗಿದ. ಕಪ್ಪು-ಬಸಿಯಲ್ಲಿ ಚಹಾ ಬಂತು. ಮನೆಯಲ್ಲಿ ಅಪ್ಪ ಒಂದು ದಿನವೂ ಕಪ್ಪಿನಿಂದ ಚಹಾ ಕುಡಿದವನಲ್ಲ, ಬಸಿಗೆ ಸುರುವಿಕೊಂಡು ಊದಿ ಕುಡಿಯುವುದು ರೂಢಿ. ಅವತ್ತು ಬಸಿಯನ್ನು ಒಮ್ಮೆ ನೋಡಿದ, ಪ್ರಾಂಶುಪಾಲರ ಕೈಯನ್ನು ಒಮ್ಮೆ ನೋಡಿದ, ಅವರು ಕಪ್ಪನ್ನೇ ಬಾಯಿಗೆ ಇಟ್ಟರು. ಅಪ್ಪನೂ ಕಪ್ಪಿನಿಂದಲೇ ಕುಡಿದ. ನಾಲಿಗೆ ಸುಟ್ಟದ್ದು ಅವನ ಕಣ್ಣಲ್ಲಿ ಕಂಡಿತು.

ಅಪ್ಪನಿಗೆ ಅಲ್ಲಿ ಯಾವ ಹೆದರಿಕೆಯೂ ಇರಲಿಲ್ಲ. ಅಡತಿ ಅಂಗಡಿಯಲ್ಲಿ ದರಕ್ಕಾಗಿ ಗಟ್ಟಿ ದನಿಯಲ್ಲಿ ವಾದ ಮಾಡಿ ಬಂದವನು ಅವನು. ಸೋಫಾ ಮೆತ್ತಗಿತ್ತು, ಚಹಾ ಚೆನ್ನಾಗಿತ್ತು, ಮಾತಾಡಿಸಿದವರು ಪ್ರೀತಿಯಿಂದ ಮಾತಾಡಿಸಿದರು. ಆದರೂ ಆ ಜಾಗ ತನ್ನದಲ್ಲ ಎಂದು ಅವನ ಮೈ ಒಂದೇ ಸಮ ಹೇಳುತ್ತಿತ್ತು. ‘ಹಿ ಸ್ಯಾಟ್ ಅನ್‌ಈಸಿಲಿ ಆನ್ ದಿ ಎಡ್ಜ್ ಆಫ್ ದಿ ಸೋಫಾ.’ ಈ ವಾಕ್ಯವನ್ನು ನಾನು ಎಲ್ಲಿ ಓದಿದರೂ ನನಗೆ ಕಾಣುವುದು ಆ ಟಾವೆಲ್ಲು.

ಈಗ ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ, ಯಾಕೆಂದರೆ ಅದೇ ಕೋಣೆಯಲ್ಲಿ ಉಳಿದ ಶಬ್ದಗಳನ್ನೂ ತೋರಿಸಬಹುದು. ಅದೇ ಪ್ರಾಂಶುಪಾಲರ ಮುಂದೆ ಕೆಲಸದ ಸಂದರ್ಶನಕ್ಕೆ ನಾನು ಕೂತದ್ದು ‘ನರ್ವಸ್ಲಿ’. ಮುಂದೆ ಒಂದು ಪರೀಕ್ಷೆ ಇದೆ, ತಪ್ಪಾದರೆ ಏನು ಗತಿ ಎಂಬ ಪುಕುಪುಕು, ಅಂಗೈ ಬೆವರು, ಗಂಟಲು ಒಣಗುವುದು, ಅದು ನರ್ವಸ್. ಊರಲ್ಲಿ ಅವ್ವ ನನ್ನ ಸುದ್ದಿಗಾಗಿ ಕಾದದ್ದು ‘ಆಂಕ್ಷಸ್ಲಿ’. ತನಗೆ ಬೇಕಾದ ಒಂದು ಸಂಗತಿ ಆಗುತ್ತದೋ ಇಲ್ಲವೋ ಎಂಬ ಚಿಂತೆ ಅದರಲ್ಲಿ ಇರುತ್ತದೆ. ಮೃಗಶಿರಾ ಮಳೆ ಬಂದೀತೇ ಎಂದು ಮುಗಿಲು ನೋಡುವ ತೊಗರಿ ರೈತನದೂ ಅದೇ. ಕೈಕಾಲು ಎಲ್ಲಿ ಇಡಬೇಕು ತಿಳಿಯದೆ ಎಡವಟ್ಟಾಗುವುದು ‘ಆಕ್ವರ್ಡ್ಲಿ’. ಅಪ್ಪ ಬಸಿಯನ್ನು ಕೆಡವಿದ್ದರೆ ಆ ಶಬ್ದ ಬೇಕಾಗುತ್ತಿತ್ತು, ಕೆಡವಲಿಲ್ಲ.

‘ಅನ್‌ಈಸಿಲಿ’ ಇವೆಲ್ಲಕ್ಕಿಂತ ಮೆತ್ತನೆಯ ದನಿಯದು. ಇದರಲ್ಲಿ ಕಾರಣ ಸ್ಪಷ್ಟವಾಗಿ ಇರಬೇಕೆಂದಿಲ್ಲ. “ಯಾಕೋ ಮನಸ್ಸಿಗಿ ಹ್ಯಾಂಗೋ ಆಗ್ಲಕತ್ತದ” ಎನ್ನುತ್ತೇವಲ್ಲ, ಆ ‘ಯಾಕೋ’ ಮತ್ತು ‘ಹ್ಯಾಂಗೋ’ ಎರಡೂ ಇದರ ಹೊಟ್ಟೆಯಲ್ಲಿವೆ. ಭಯಕ್ಕೆ ಹೆಸರಿರುತ್ತದೆ, ಇದಕ್ಕೆ ಇನ್ನೂ ಹೆಸರು ಇಟ್ಟಿರುವುದಿಲ್ಲ. ಕಥೆಗಾರರಿಗೆ ಈ ಶಬ್ದ ಇಷ್ಟವಾಗುವುದು ಇದಕ್ಕೇ. ಒಬ್ಬ ಮನುಷ್ಯ ‘ಅನ್‌ಈಸಿಲಿ’ ಹಿಂದಿರುಗಿ ನೋಡಿದ ಎಂದರೆ ಸಾಕು, ಮುಂದೆ ಏನೋ ಕಾದಿದೆ ಎಂದು ಓದುವವರ ಕಿವಿ ನೆಟ್ಟಗಾಗುತ್ತದೆ.

‘ಅನ್‌ಕಂಫರ್ಟಬ್ಲಿ’ ಇದಕ್ಕೆ ತೀರಾ ಹತ್ತಿರದ್ದು, ಸುಮಾರು ಕಡೆ ಒಂದರ ಜಾಗದಲ್ಲಿ ಇನ್ನೊಂದು ಕೂಡುತ್ತದೆ. ಆದರೆ ಅದು ಮೈಗೂ ಸಲ್ಲುತ್ತದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ನಮ್ಮ ಬಿಸಿಲನ್ನು ‘ಅನ್‌ಕಂಫರ್ಟಬ್ಲಿ ಹಾಟ್’ ಎನ್ನಬಹುದು. ‘ಅನ್‌ಈಸಿಲಿ ಹಾಟ್’ ಎನ್ನುವಂತಿಲ್ಲ. ಬಿಸಿಲಿಗೆ ಮನಸ್ಸಿನ ಕಸಿವಿಸಿ ಎಲ್ಲಿಂದ ಬರಬೇಕು?

ವ್ಯಾಕರಣದಲ್ಲಿ ನಮ್ಮ ಮಕ್ಕಳು ಎಡವುವ ಜಾಗ ಒಂದೇ, ಆದರೆ ಎಲ್ಲರೂ ಅಲ್ಲೇ ಎಡವುತ್ತಾರೆ. ನಾವು “ನನಗೆ ಕಸಿವಿಸಿ ಆಯಿತು” ಎನ್ನುತ್ತೇವೆ. ಕಸಿವಿಸಿ ನಮ್ಮ ಬಳಿ ತಾನೇ ಬರುತ್ತದೆ, ನಾವು ಅದನ್ನು ಮಾಡುವುದಿಲ್ಲ. ಇಂಗ್ಲಿಷಿನಲ್ಲಿ ‘ನಾನು’ ಮುಂದೆ ಬಂದು ‘ಐ ಫೆಲ್ಟ್ ಅನ್‌ಈಸಿ’ ಆಗುತ್ತದೆ. ಇಲ್ಲಿ ‘ಅನ್‌ಈಸಿಲಿ’ ಬಾರದು. ‘ಫೀಲ್’, ‘ಬಿಕಮ್’, ‘ಸೀಮ್’ ಇಂಥ ಕ್ರಿಯಾಪದಗಳ ನಂತರ ಮನುಷ್ಯನ ಸ್ಥಿತಿ ಹೇಳಬೇಕು, ಆದ್ದರಿಂದ ವಿಶೇಷಣ. ನಕ್ಕ, ಕೂತ, ಎದ್ದ, ಕೇಳಿದ ಎಂಬ ಕೆಲಸಗಳ ರೀತಿ ಹೇಳುವಾಗ ಮಾತ್ರ ‘ಲಿ’ ಬರುತ್ತದೆ. ‘ಲುಕ್’ ಒಂದು ಎರಡೂ ಕಡೆ ನಿಲ್ಲುತ್ತದೆ, ಅದನ್ನು ಹಲಗೆಯ ಮೇಲೆ ಬರೆದೇ ತೋರಿಸಬೇಕು. ‘ಹಿ ಲುಕ್ಡ್ ಅನ್‌ಈಸಿ’ ಎಂದರೆ ಅವನ ಮಾರಿ ನೋಡಿದವರಿಗೆ ಅವನಿಗೆ ನೆಮ್ಮದಿಯಿಲ್ಲ ಎಂದು ಕಂಡಿತು. ‘ಹಿ ಲುಕ್ಡ್ ಅನ್‌ಈಸಿಲಿ ಅಟ್ ದಿ ಡೋರ್’ ಎಂದರೆ ಅವನೇ ಅಳುಕಿನಿಂದ ಬಾಗಿಲ ಕಡೆ ನೋಡಿದ. ಮೊದಲನೆಯದರಲ್ಲಿ ನೋಡಿದವರು ನಾವು, ಎರಡನೆಯದರಲ್ಲಿ ಅವನು.

ವಾಕ್ಯದಲ್ಲಿ ಇದು ಸಾಮಾನ್ಯವಾಗಿ ಕ್ರಿಯಾಪದದ ನಂತರವೇ ಅಂಟಿಕೊಂಡು ಬರುತ್ತದೆ: ‘ಲಾಫ್ಡ್ ಅನ್‌ಈಸಿಲಿ’, ‘ಸ್ಲೆಪ್ಟ್ ಅನ್‌ಈಸಿಲಿ’, ‘ಶಿಫ್ಟೆಡ್ ಅನ್‌ಈಸಿಲಿ ಇನ್ ಹಿಸ್ ಚೇರ್’. ಕೊನೆಯದು ಇಂಗ್ಲಿಷಿನಲ್ಲಿ ಬಹಳ ಸವೆದ ಜೋಡಿ. ಬರೆಯುವಾಗ ‘ವೈ’ ಹೋಗಿ ‘ಐ’ ಬರುವುದು ‘ಹ್ಯಾಪಿ’ಯಿಂದ ‘ಹ್ಯಾಪಿಲಿ’ ಆದಂತೆಯೇ.

ಉಚ್ಚಾರದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳದೆ ಬಿಡಲಾರೆ. ನಾವು ಕನ್ನಡದಲ್ಲಿ ‘ಈಸಿ’ ಎಂದು ಬರೆದರೂ ಆ ಸಕಾರ ಸಕಾರವಲ್ಲ. ನಮ್ಮ ಕಲಬುರಗಿಯ ಸೂಫಿ ಸಂತ ಖ್ವಾಜಾ ಬಂದೇನವಾಜ್ ಎಂಬ ಹೆಸರನ್ನು ದರ್ಗಾದ ಓಣಿಯವರ ಬಾಯಲ್ಲಿ ಒಮ್ಮೆ ಕೇಳಿ. ‘ಖ್ವಾಜಾ’ದಲ್ಲಿರುವ ಜಕಾರ ನಮ್ಮ ಜಾತ್ರೆಯ ಜಕಾರ. ‘ನವಾಜ್’ನ ಕೊನೆಯಲ್ಲಿ ಹಲ್ಲಿನ ಸಂದಿಯಿಂದ ಗುಂಯ್‌ಗುಡುತ್ತ ಬರುವ ದನಿ ಬೇರೆ. ಆ ಎರಡನೆಯ ದನಿಯೇ ‘ಈಸಿ’ಯಲ್ಲಿ ಇರುವುದು. ಒತ್ತು ‘ಈ’ ಮೇಲೆ ಬೀಳಬೇಕು. ಬೇರೆ ಕಡೆಯ ಶಿಕ್ಷಕರು ಈ ದನಿ ಕಲಿಸಲು ವಾರಗಟ್ಟಲೆ ಒದ್ದಾಡುತ್ತಾರೆ. ನಮ್ಮ ಮಕ್ಕಳ ಕಿವಿಯಲ್ಲಿ ಅದು ಹುಟ್ಟಿದಾಗಿನಿಂದ ಇದೆ, ನೆನಪಿಸಿದರೆ ಸಾಕು.

ಮನುಷ್ಯರಷ್ಟೇ ಅಲ್ಲ, ವಿಚಾರಗಳೂ ‘ಅನ್‌ಈಸಿಲಿ’ ಕೂಡುತ್ತವೆ. ದೊಡ್ಡ ತರಗತಿಯವರಿಗೆ, ಇಂಗ್ಲಿಷ್ ಪತ್ರಿಕೆ ಓದುವವರಿಗೆ ಇದು ಬೇಕು. ‘ಎ ಸಿಟ್ಸ್ ಅನ್‌ಈಸಿಲಿ ವಿತ್ ಬಿ’ ಎಂದರೆ ಎರಡಕ್ಕೂ ಸರಿಯಾದ ತಾಳಮೇಳ ಇಲ್ಲ, ಒಂದರ ಪಕ್ಕ ಇನ್ನೊಂದು ಒಗ್ಗುತ್ತಿಲ್ಲ ಎಂದು. ನಮ್ಮೂರಲ್ಲೇ ಉದಾಹರಣೆ ಇದೆ. ಕನ್ನಡದಲ್ಲಿ ನಾವು ಎಂದಿನಿಂದಲೂ ಕಲಬುರಗಿ ಎಂದೇ ಅಂದವರು, ಸರ್ಕಾರಿ ದಾಖಲೆಯ ಗುಲ್ಬರ್ಗಾ 2014ರ ನವೆಂಬರ್ 1ರಂದು ಕಲಬುರಗಿ ಆಯಿತು. ಆದರೆ 1980ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯ ಗುಲ್ಬರ್ಗಾ ಎಂಬ ಹೆಸರನ್ನೇ ಇಟ್ಟುಕೊಂಡು ಬಂತು. ವಿಳಾಸ ಬರೆಯುವಾಗ ಮೇಲಿನ ಸಾಲಿನಲ್ಲಿ ಗುಲ್ಬರ್ಗಾ, ಕೆಳಗಿನ ಸಾಲಿನಲ್ಲಿ ಕಲಬುರಗಿ. ‘ದಿ ಓಲ್ಡ್ ನೇಮ್ ಸಿಟ್ಸ್ ಅನ್‌ಈಸಿಲಿ ವಿತ್ ದಿ ನ್ಯೂ.’ ಹೆಸರುಗಳಿಗೆ ಕಳವಳವಾಗಿಲ್ಲ, ಓದುವವರ ಕಣ್ಣಿಗೆ ಆಗಿದೆ. ಇಂಥ ಕಡೆ ‘ಕಳವಳದಿಂದ ಕೂತಿದೆ’ ಎಂದು ಕನ್ನಡ ಮಾಡಿದರೆ ಅನರ್ಥ. ‘ಹೊಂದುವುದಿಲ್ಲ’, ‘ಒಗ್ಗುವುದಿಲ್ಲ’ ಎಂದರೆ ಮುಗಿಯಿತು. ಹಾಗೆಯೇ ಗಲಾಟೆ ನಿಂತ ಊರಿನ ಬಗ್ಗೆ ಪತ್ರಿಕೆಯವರು ಬರೆಯುವ ‘ಅನ್‌ಈಸಿ ಕಾಮ್’ಗೆ ನಮ್ಮ ಪತ್ರಿಕೆಗಳು ಎಂದೋ ಒಳ್ಳೆಯ ಮಾತು ಕೊಟ್ಟಿವೆ: ಬೂದಿ ಮುಚ್ಚಿದ ಕೆಂಡ.

ಅನುವಾದದ ಮಾತು ಬಂತು, ನನ್ನ ಮನಸ್ಸಿನಲ್ಲಿರುವುದನ್ನು ಹೇಳಿಬಿಡುತ್ತೇನೆ. ನಿಘಂಟಿನ ‘ಅಶಾಂತವಾಗಿ’ಯನ್ನು ತರಗತಿಯ ಹೊರಗೇ ಬಿಡಿ. ‘ಅವನು ಅಶಾಂತವಾಗಿ ನಕ್ಕನು’ ಎಂದು ಕನ್ನಡಿಗರು ಯಾರೂ ಆಡುವುದಿಲ್ಲ. ಇಂಗ್ಲಿಷಿನವರು ಕ್ರಿಯಾಪದಕ್ಕೆ ಒಂದು ‘ಲಿ’ ತಂದು ಜೋಡಿಸಿ ಕೆಲಸ ಮುಗಿಸುತ್ತಾರೆ. ಕನ್ನಡ ಹಾಗೆ ಮಾಡುವುದಿಲ್ಲ, ಅದು ಮೈಯನ್ನು ತೋರಿಸುತ್ತದೆ. ಕೂತಲ್ಲಿ ಕೂಡಲಾರದೆ, ನಿಂತಲ್ಲಿ ನಿಲ್ಲಲಾರದೆ, ಚಡಪಡಿಸುತ್ತ, ಮಾರಿ ಸಣ್ಣದು ಮಾಡಿಕೊಂಡು. ಇಲ್ಲವೇ ದನಿಯಲ್ಲೇ ಅರ್ಥ ಹೊತ್ತ ಜೋಡಿಮಾತು ತರುತ್ತದೆ: ಕಸಿವಿಸಿ, ಇರಿಸುಮುರಿಸು, ತಳಮಳ. ಇವೂ ಒಂದೇ ಅಲ್ಲ. ನಾಲ್ಕು ಜನರ ನಡುವೆ ಆಗುವುದು ಇರಿಸುಮುರಿಸು, ಒಬ್ಬರೇ ಇದ್ದಾಗಲೂ ಆಗುವುದು ತಳಮಳ, ಕಸಿವಿಸಿ ಎರಡಕ್ಕೂ ಸಲ್ಲುತ್ತದೆ. ‘ಸ್ಲೆಪ್ಟ್ ಅನ್‌ಈಸಿಲಿ’ಗೆ ‘ಇಡೀ ರಾತ್ರಿ ಮಗ್ಗುಲು ಬದಲಿಸುತ್ತ ಮಲಗಿದ’ ಎಂದರೆ ಬೇರೆ ಕ್ರಿಯಾವಿಶೇಷಣವೇ ಬೇಡ. ಹೀಗಾಗಿ ಈ ಶಬ್ದಕ್ಕೆ ಕನ್ನಡದ ಒಂದೇ ಒಂದು ಸಮಾನಪದ ಬರೆಸಿ ಕಂಠಪಾಠ ಮಾಡಿಸಬೇಡಿ ಎಂದು ನಿಮ್ಮಲ್ಲಿ ಕೈಮುಗಿದು ಕೇಳುತ್ತೇನೆ.

ತರಗತಿಗೆ ಎರಡು ಉಪಾಯ. ಮೊದಲನೆಯದು ಬೆಳಗಿನ ಪ್ರಾರ್ಥನೆಯಲ್ಲೇ ಇದೆ. ಕೆಲವು ಶಾಲೆಗಳಲ್ಲಿ ‘ಸಾವಧಾನ್, ವಿಶ್ರಾಮ್’ ಎನ್ನುತ್ತಾರೆ, ಕೆಲವು ಕಡೆ ‘ಅಟೆನ್ಷನ್, ಸ್ಟ್ಯಾಂಡ್ ಅಟ್ ಈಸ್’. ಆ ‘ಈಸ್’ ಎಂದಾಗ ನಿಮ್ಮ ಮಕ್ಕಳು ಏನು ಮಾಡುತ್ತಾರೆ? ಕಾಲು ಅಗಲಿಸಿ, ಬಿಗಿದ ಮೈ ಸಡಿಲ ಬಿಡುತ್ತಾರೆ. ವರ್ಷಗಳಿಂದ ಅವರ ಮೈಗೆ ಈ ಶಬ್ದದ ಅರ್ಥ ಗೊತ್ತಿದೆ, ಬುದ್ಧಿಗೆ ಮಾತ್ರ ಹೇಳಿಕೊಟ್ಟಿಲ್ಲ. ಮೈ ಸಡಿಲ ಬಿಡಲಾಗದೆ ನಿಂತವನು ‘ಅನ್‌ಈಸಿಲಿ’ ನಿಂತವನು.

ಎರಡನೆಯದು ಆಟ. ‘ಈಸಿಲಿ’, ‘ನರ್ವಸ್ಲಿ’, ‘ಆಕ್ವರ್ಡ್ಲಿ’, ‘ಅನ್‌ಈಸಿಲಿ’ ಎಂದು ನಾಲ್ಕು ಚೀಟಿ ಬರೆದು ಮಡಿಚಿಡಿ. ಒಬ್ಬೊಬ್ಬರು ಬಂದು ಒಂದು ಚೀಟಿ ಎತ್ತಿ, ಬಾಯಿ ಬಿಡದೆ, ನಿಮ್ಮ ಕುರ್ಚಿಯ ಮೇಲೆ ಹೋಗಿ ಕೂಡಬೇಕು. ಚೀಟಿಯಲ್ಲಿ ಏನಿತ್ತು ಎಂದು ಉಳಿದವರು ಹೇಳಬೇಕು. ಟೀಚರ್ ಕುರ್ಚಿಯ ಮೇಲೆ ಕೂಡು ಎಂದರೆ ಯಾವ ಚೀಟಿ ಬಂದರೂ ಅರ್ಧ ಮಕ್ಕಳು ‘ಅನ್‌ಈಸಿಲಿ’ಯೇ ಕೂಡುತ್ತಾರೆ. ಆಗ ತಡೆದು, ನೀನು ಈಗ ಹೇಗೆ ಕೂತಿ ನೋಡಿಕೋ ಎನ್ನಿ.

ಇನ್ನು ನಿಮ್ಮ ವಾಕ್ಯ. ಅಲ್ಲಿ ‘ಲುಕ್ಡ್ ಅಟ್ ದಿ ಡೋರ್’ ಎಂದು ನೀವೇ ಸುಳಿವು ಕೊಟ್ಟಿದ್ದೀರಿ. ಹುಡುಗನಿಗೆ ಅಲ್ಲಿಂದ ಎದ್ದು ಹೋಗಬೇಕಾಗಿದೆ, ಅಥವಾ ಯಾರೋ ಬಂದಾರು ಎಂಬ ಅಳುಕಿದೆ. ಎರಡರಲ್ಲಿ ಯಾವುದೆಂದು ಕಥೆ ಬರೆದ ನಿಮಗೆ ಗೊತ್ತು. ನಾನಾದರೆ ಹೀಗೆ ಕನ್ನಡ ಮಾಡುತ್ತಿದ್ದೆ: ‘ಹುಡುಗ ನಕ್ಕಂತೆ ಮಾಡಿ ಬಾಗಿಲ ಕಡೆ ನೋಡಿದ.’ ‘ಅನ್‌ಈಸಿಲಿ’ ಎಲ್ಲಿ ಹೋಯಿತು ಎಂದು ಆ ಹುಡುಗಿ ಮತ್ತೆ ಎದ್ದು ಕೇಳಿದರೆ, ‘ನಕ್ಕಂತೆ ಮಾಡಿ’ ಎಂಬುದರ ಒಳಗೆ ಹುಡುಕು ಎಂದು ಹೇಳಿ.